ಮೊದಲು ಬಲಗೈ ಮಾತಾಡಲಿ: ಗಿಟಾರ್ ಪ್ರಶ್ನೋತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಗಿಟಾರ್ ಬಗ್ಗೆಯೇ ಇವೆ. ಕೆಲವರು ಕಲಿಯಲು ಹೊರಟಿದ್ದಾರೆ. ಕೆಲವರು ಯಾರು ದೊಡ್ಡವರು ಎಂದು ಜಗಳಕ್ಕೆ ನಿಂತಿದ್ದಾರೆ. ನಾನು ಇಪ್ಪತ್ತೆರಡು ವರ್ಷ ಬ್ಯಾಂಡ್‌ಗಳಲ್ಲಿ ರಿದಂ ಗಿಟಾರ್, ಅಂದರೆ ಹಾಡಿನ ಹಿಂದೆ ಲಯ ಹಿಡಿಯುವ ಗಿಟಾರ್, ನುಡಿಸಿದವಳು. ಈಗ ಹೊಸಬರಿಗೆ ಹೇಳಿಕೊಡುತ್ತೇನೆ. ರಿದಂ ಕಡೆಗೆ ನನಗೆ ಒಲವು ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬಲಗೈ ಎಂದರೆ ಮೀಟುವ ಕೈ, ಎಡಗೈ ಎಂದರೆ ಒತ್ತುವ ಕೈ. ಎಡಚರು ಅದಲುಬದಲು ಮಾಡಿ ಓದಿಕೊಳ್ಳಿ.

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಎಲೆಕ್ಟ್ರಿಕ್ ಗಿಟಾರ್ ಕಲಿಯಬೇಕು ಅಂತ ಬಹಳ ದಿನದ ಆಸೆ. ಆದರೆ ಗೊತ್ತಿದ್ದವರೆಲ್ಲ, ‘ಮೊದಲು ಎರಡು ವರ್ಷ ಅಕೌಸ್ಟಿಕ್ ನುಡಿಸಿ, ಬೆರಳು ಗಟ್ಟಿಯಾಗಲಿ’ ಅಂತಾರೆ. ಹಾಗೇ ಮಾಡಬೇಕಾ?

ಉತ್ತರ: ಬೇಡ. ಯಾವ ದನಿ ಕೇಳಿ ಆಸೆ ಹುಟ್ಟಿತೋ ಆ ವಾದ್ಯವನ್ನೇ ಹಿಡಿಯಿರಿ. ಅಕೌಸ್ಟಿಕ್ ಒಂದು ವಾದ್ಯ, ಎಲೆಕ್ಟ್ರಿಕ್ ಇನ್ನೊಂದು ವಾದ್ಯ. ಒಂದು ಇನ್ನೊಂದಕ್ಕೆ ಮೆಟ್ಟಿಲಲ್ಲ.

ಬೆರಳಿನ ವಿಷಯಕ್ಕೂ ಎಲೆಕ್ಟ್ರಿಕ್ ಮೃದು. ಸಾಮಾನ್ಯವಾಗಿ ಹೊಸಬರು ಹಾಕುವ ಸೆಟ್‌ನಲ್ಲಿ ಅತಿ ತೆಳು ತಂತಿ 0.009 ಇಂಚು. ಅಕೌಸ್ಟಿಕ್‌ನಲ್ಲಿ ಅದೇ ತಂತಿ ಹೆಚ್ಚಾಗಿ 0.012 ಇಂಚು ಇರುತ್ತದೆ. ಕೇಳಲು ಚಿಕ್ಕ ವ್ಯತ್ಯಾಸ. ಒತ್ತಿ ನೋಡಿದಾಗ ಗೊತ್ತಾಗುತ್ತದೆ.

ಎಲೆಕ್ಟ್ರಿಕ್‌ನ ಕಷ್ಟ ಬೇರೆ ಕಡೆ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಲ್ಲಿ ನುಡಿಸುವ ತಂತಿಗಿಂತ ನುಡಿಸದ ತಂತಿಗಳೇ ಹೆಚ್ಚು ಕಾಡುತ್ತವೆ. ಆಂಪ್ (ದನಿ ದೊಡ್ಡದು ಮಾಡುವ ಪೆಟ್ಟಿಗೆ) ಜೋರು ಮಾಡಿ, ಸ್ವಲ್ಪ ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವುದು) ಹಾಕಿ. ನೀವು ಮುಟ್ಟೇ ಇಲ್ಲ ಅಂದುಕೊಂಡ ತಂತಿಯೂ ಗುಂಯ್ ಅನ್ನುತ್ತದೆ. ಅದಕ್ಕೆ ಬಲ ಅಂಗೈಯ ಅಂಚು ದಪ್ಪ ತಂತಿಗಳ ಮೇಲೆ ಹಗುರವಾಗಿ ಕೂತಿರಬೇಕು. ಎಡ ತೋರುಬೆರಳಿನ ತುದಿ ಪಕ್ಕದ ದಪ್ಪ ತಂತಿಗೆ ತಾಗಿರಬೇಕು, ಅದೇ ಬೆರಳಿನ ಹೊಟ್ಟೆ ಕೆಳಗಿನ ತೆಳು ತಂತಿಗಳನ್ನು ಸವರಿಕೊಂಡಿರಬೇಕು. ಈ ಅಭ್ಯಾಸ ಮೊದಲ ವಾರದಿಂದಲೇ ಶುರುವಾಗಲಿ. ಆಮೇಲೆ ತಿದ್ದುವುದು ಬಹಳ ಕಷ್ಟ.

ಗಿಟಾರ್ ಆರಿಸುವಾಗ ಒಂದು ಪರೀಕ್ಷೆ ಮಾಡಿ. ಗಿಟಾರಿನ ಉದ್ದ ಕತ್ತಿನ ಮೇಲೆ ಅಡ್ಡಲಾಗಿ ಕಂಬಿಗಳಿರುತ್ತವಲ್ಲ, ಆ ಕಂಬಿಗೂ ಅದರ ಹಿಂದಿನ ಒತ್ತುವ ಜಾಗಕ್ಕೂ ಫ್ರೆಟ್ ಅನ್ನುತ್ತಾರೆ. ಹನ್ನೆರಡನೇ ಫ್ರೆಟ್ ತಂತಿಯ ಸರಿ ಅರ್ಧದಲ್ಲಿರುತ್ತದೆ. ಫ್ರೆಟ್ಟಿನ ಕಂಬಿಯ ನೇರಕ್ಕೆ ತಂತಿಯನ್ನು ಬರೀ ಸೋಕಿಸಿ ಮೀಟಿ. ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಸ್ವರ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ತೋರಿಸದಿದ್ದರೆ ಬ್ರಿಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಭಾಗ) ಸರಿಮಾಡಿಸಿ ತನ್ನಿ. ಇಲ್ಲದಿದ್ದರೆ ನೀವು ಸರಿಯಾಗಿ ಒತ್ತಿದರೂ ಅಪಸ್ವರ ಬರುತ್ತದೆ, ನೀವು ನಿಮ್ಮ ಬೆರಳನ್ನೇ ಬೈದುಕೊಳ್ಳುತ್ತೀರಿ.

ಪ್ರಶ್ನೆ: ಮೂರು ವಾರದಿಂದ ಎಫ್ ಕಾರ್ಡ್ ಹಿಡಿಯಲು ಒದ್ದಾಡುತ್ತಿದ್ದೇನೆ. ಆರೂ ತಂತಿ ಒಟ್ಟಿಗೆ ಕೇಳುವುದೇ ಇಲ್ಲ. ಬೆರಳು ನೋವು. ಬಿಟ್ಟುಬಿಡಲಾ?

ಉತ್ತರ: ಎಫ್ ಬಿಡಿ, ಗಿಟಾರ್ ಬಿಡಬೇಡಿ. ಕಾರ್ಡ್ ಎಂದರೆ ಹಲವು ಸ್ವರ ಒಟ್ಟಿಗೆ ಹಿಡಿಯುವುದು. ಬೆರಳುಗಳ ಅದೇ ಆಕಾರವನ್ನು ಐದನೇ ಫ್ರೆಟ್‌ಗೆ ತನ್ನಿ. ಅಲ್ಲಿ ಅದು ಎ ಮೇಜರ್. ಸ್ಟ್ರಾಟೊಕಾಸ್ಟರ್ ಎನ್ನುವ ಮಾದರಿಯ ಅಳತೆಯ ಗಿಟಾರ್‌ನಲ್ಲಿ ಮೊದಲ ಫ್ರೆಟ್ಟಿನ ಅಗಲ ಸುಮಾರು 36 ಮಿಲಿಮೀಟರ್, ಐದನೆಯದು ಸುಮಾರು 29. ಅಂದರೆ ಬೆರಳು ಚಾಚುವುದು ಕಡಿಮೆ. ತಲೆಯ ಕಡೆ ತಂತಿ ಏರಿ ಕೂರುವ ನಟ್‌ನಿಂದಲೂ ದೂರ ಬಂದಿರುತ್ತೀರಿ, ಹಾಗಾಗಿ ತಂತಿ ಸುಲಭವಾಗಿ ಬಗ್ಗುತ್ತದೆ. ಐದರಲ್ಲಿ ಚೆನ್ನಾಗಿ ಕೇಳಿಸಿದ ಮೇಲೆ ನಾಲ್ಕು, ಮೂರು ಅಂತ ವಾರಕ್ಕೊಂದು ಫ್ರೆಟ್ ಹಿಂದೆ ಬನ್ನಿ.

ಬೆರಳ ತುದಿಯ ನೋವು ಇರುವಂಥದ್ದೇ, ಕೆಲವು ವಾರದಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ಅಥವಾ ಮುಂಗೈ ನೋಯುತ್ತಿದ್ದರೆ ಮಾತ್ರ ಅವತ್ತು ನಿಲ್ಲಿಸಿ. ಅದು ಹಿಡಿತ ತಪ್ಪಿರುವುದರ ಗುರುತು.

ಪ್ರಶ್ನೆ: ನನ್ನ ಟೀಚರ್ ದಿನಾ ಮೆಟ್ರೊನೋಮ್ (ಟಕ್ ಟಕ್ ಅಂತ ತಾಳ ಹಾಕುವ ಯಂತ್ರ) ಹಾಕಿಸುತ್ತಾರೆ. ಬೇಜಾರಾಗುತ್ತದೆ. ಸ್ಪೀಡಾಗಿ ಸೋಲೋ ನುಡಿಸುವುದು ಯಾವಾಗ? ನನಗೆ ಲಯ ಹುಟ್ಟಿನಿಂದಲೇ ಇದೆ ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ: ನನಗೂ ಹಾಗೇ ಹೇಳಿದ್ದರು. ನಾನು ನಂಬಿದ್ದೆ.

ಬ್ಯಾಂಡ್ ಸೇರಿ ಎರಡು ವರ್ಷವಾಗಿತ್ತು. ನಮ್ಮ ಹಾಡುಗಳೆಲ್ಲ ಮುಗಿಯುವ ಹೊತ್ತಿಗೆ ಓಡುತ್ತಿದ್ದವು. ನಾನು ಡ್ರಮ್ಮರ್ ಕಡೆ ಬೆರಳು ತೋರಿಸುತ್ತಿದ್ದೆ. ಅವನು ವಾದ ಮಾಡಲಿಲ್ಲ. ಒಂದು ಸಂಜೆ ಚಿಕ್ಕ ಟೇಪ್ ರೆಕಾರ್ಡರ್ ತಂದು ನನ್ನ ಆಂಪ್ ಮುಂದೆ ಇಟ್ಟ. ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರೂ ಕೂತು ಕೇಳಿದೆವು. ಅವನು ಕೈಗಡಿಯಾರ ಹಿಡಿದು ಏಟು ಎಣಿಸಿದ. ಹಾಡು ಶುರುವಾದಾಗ ನಿಮಿಷಕ್ಕೆ 96. ಮುಗಿದಾಗ 112.

ಓಡಿಸುತ್ತಿದ್ದವಳು ನಾನೇ. ಟೇಪಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಡಿನಲ್ಲಿ ಬಿ ಮೈನರ್ ಕಾರ್ಡ್ ಬರುವ ಜಾಗದಲ್ಲೆಲ್ಲ ನನ್ನ ಬಲಗೈ ಮುಂದೆ ಹಾರುತ್ತಿತ್ತು. ಆ ಕಾರ್ಡ್ ನನಗೆ ಸರಿಯಾಗಿ ಕೂತಿರಲಿಲ್ಲ. ತಡವಾದರೆ ಅನ್ನುವ ಭಯಕ್ಕೆ ಬೇಗ ಬದಲಾಯಿಸುತ್ತಿದ್ದೆ. ಡ್ರಮ್ಮರ್ ಪಾಪ, ಹಾಡು ಮುರಿಯಬಾರದು ಅಂತ ನನ್ನ ಹಿಂದೆ ಬರುತ್ತಿದ್ದ. ಎಡಗೈಯ ಭಯವನ್ನು ಬಲಗೈ ಹೇಳಿಬಿಡುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು.

ಆಮೇಲೆ ಮೂರು ತಿಂಗಳು ನಾನು ಮಾಡಿದ್ದು ಇಷ್ಟು. ಎಡಗೈಯನ್ನು ತಂತಿಗಳ ಮೇಲೆ ಸುಮ್ನೆ ಇಟ್ಟು, ಒತ್ತದೆ, ಬಲಗೈಯಲ್ಲಿ ಚಕ್ ಚಕ್ ಅಂತ ಮೀಟುವುದು. ಸ್ವರವೇ ಇಲ್ಲ. ಮೆಟ್ರೊನೋಮ್ 60ಕ್ಕೆ. ಸರಿಯಾಗಿ ಕೂತಾಗ ಮೆಟ್ರೊನೋಮ್ ಸದ್ದು ಮಾಯವಾಗುತ್ತದೆ, ನಿಮ್ಮ ಮೀಟಿನೊಳಗೆ ಮುಳುಗಿಹೋಗುತ್ತದೆ. ಅದು ಕೇಳುತ್ತಲೇ ಇದ್ದರೆ ನೀವು ಹಿಂದೆ ಇದ್ದೀರಿ ಅಥವಾ ಮುಂದೆ ಇದ್ದೀರಿ.

ಅದು ಬಂದ ಮೇಲೆ ಇನ್ನೊಂದು ಹೆಜ್ಜೆ. ಮೆಟ್ರೊನೋಮ್ 40ಕ್ಕೆ ಇಡಿ. ಆ ಟಕ್ ಅನ್ನು ನಾಲ್ಕು ಏಟಿನಲ್ಲಿ ಎರಡನೆಯದು ಮತ್ತು ನಾಲ್ಕನೆಯದು ಅಂತ ಎಣಿಸಿ. ಒಂದು ಮತ್ತು ಮೂರನ್ನು ನೀವೇ ಒಳಗೆ ಹಿಡಿಯಬೇಕು. ಈಗ ನಿಮ್ಮ ವೇಗ 80. ಅರ್ಧ ಲೆಕ್ಕ ಯಂತ್ರದ್ದು, ಅರ್ಧ ನಿಮ್ಮದು. ಬೇಜಾರು ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಮೊದಲ ದಿನ ಇದು ಒಂದು ನಿಮಿಷವೂ ನಿಲ್ಲುವುದಿಲ್ಲ.

ವಾರಕ್ಕೊಮ್ಮೆ ಫೋನಿನಲ್ಲಿ ನಿಮ್ಮನ್ನೇ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕಿವಿ ನಮ್ಮ ಪರವಾಗಿರುತ್ತದೆ. ರೆಕಾರ್ಡಿಂಗ್ ಹಾಗಲ್ಲ. ಸೋಲೋ ಖಂಡಿತ ಬರುತ್ತದೆ. ಆದರೆ ಓಡುವ ಕೈಯಿಂದ ಬರುವುದು ಬರೀ ಸ್ವರಗಳ ನೂಕುನುಗ್ಗಲು.

ಪ್ರಶ್ನೆ: ನಮ್ಮಣ್ಣನಿಗೂ ನನಗೂ ದಿನಾ ಜಗಳ. ಅವನಿಗೆ ಜಿಮಿ ಹೆಂಡ್ರಿಕ್ಸ್ ಜಗತ್ತಿನ ಅತಿ ದೊಡ್ಡ ಗಿಟಾರಿಸ್ಟ್. ನನಗೆ ಎಡ್ಡಿ ವ್ಯಾನ್ ಹೇಲನ್. ಅಣ್ಣ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಪಟ್ಟಿ ತೋರಿಸಿ ಮಾತು ಮುಗಿಸುತ್ತಾನೆ. ನೀವೇ ತೀರ್ಪು ಕೊಡಿ.

ಉತ್ತರ: ಮೊದಲು ಆ ಪಟ್ಟಿಯ ಕತೆ ಕೇಳಿ. ಆ ಪತ್ರಿಕೆ 2003ರಲ್ಲಿ ನೂರು ಜನರ ಪಟ್ಟಿ ಮಾಡಿತು. ಹೆಂಡ್ರಿಕ್ಸ್ ಒಂದನೇ ಸ್ಥಾನ. ನಿಮ್ಮ ವ್ಯಾನ್ ಹೇಲನ್ 70. 2011ರ ಪಟ್ಟಿಯಲ್ಲಿ ಅವರು 8ಕ್ಕೆ ಬಂದರು. 2023ರಲ್ಲಿ 250 ಜನರ ಪಟ್ಟಿ ಬಂದಾಗ 4. ಅವರಿಗೆ ಹೆಸರು ತಂದ ಸೋಲೋ ‘ಇರಪ್ಷನ್’ ಬಂದದ್ದು 1978ರಲ್ಲಿ. ಒಂದು ನಿಮಿಷ ನಲವತ್ತು ಸೆಕೆಂಡ್ ಚಿಲ್ಲರೆ. ಆ ರೆಕಾರ್ಡಿಂಗ್ ಆಗಲೂ ಅದೇ, ಈಗಲೂ ಅದೇ. ಇನ್ನೂ ದೊಡ್ಡ ಉದಾಹರಣೆ ಅಮೆರಿಕದ ಗಾಯಕಿ, ಗಿಟಾರಿಸ್ಟ್ ಸಿಸ್ಟರ್ ರೊಸೆಟ್ಟಾ ಥಾರ್ಪ್. ಅವರು ತೀರಿಕೊಂಡದ್ದು 1973ರಲ್ಲಿ. 2003ರ ನೂರರಲ್ಲಿ ಅವರ ಹೆಸರೇ ಇರಲಿಲ್ಲ. ಆ ನೂರರಲ್ಲಿ ಇದ್ದ ಹೆಂಗಸರೇ ಇಬ್ಬರು. 2023ರಲ್ಲಿ ಥಾರ್ಪ್ 6ನೇ ಸ್ಥಾನದಲ್ಲಿದ್ದಾರೆ. ತೀರಿಹೋದ ಮೂವತ್ತು ವರ್ಷಕ್ಕೂ ಸೊನ್ನೆ, ಐವತ್ತು ವರ್ಷಕ್ಕೆ ಆರು. ಬದಲಾದದ್ದು ಕೇಳುವವರ ಕಿವಿ, ಅಲ್ವಾ? ಹಾಗಾಗಿ ಪಟ್ಟಿ ತೋರಿಸಿ ಮಾತು ಮುಗಿಸಲು ಆಗುವುದಿಲ್ಲ ಅಂತ ಅಣ್ಣನಿಗೆ ಹೇಳಿ.

ತೀರ್ಪು ಕೇಳಿದ್ದೀರಿ, ತಪ್ಪಿಸಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಹೆಂಡ್ರಿಕ್ಸ್. ಆದರೆ ಅಣ್ಣ ಹೇಳುವ ಕಾರಣಕ್ಕಲ್ಲ. 1967ರಲ್ಲಿ ಅಮೆರಿಕದ ಮಾಂಟೆರೆ ಸಂಗೀತೋತ್ಸವದಲ್ಲಿ ಗಿಟಾರಿಗೆ ಬೆಂಕಿ ಇಟ್ಟದ್ದು, ಹಲ್ಲಿನಲ್ಲಿ ನುಡಿಸಿದ್ದು, ಬಲಗೈಯವರ ಗಿಟಾರನ್ನು ತಿರುಗಿಸಿ ಎಡಚರಂತೆ ನುಡಿಸಿದ್ದು, ಇವು ಯಾವುದೂ ನನ್ನ ಕಾರಣಗಳಲ್ಲ. ಅವರ ‘ಲಿಟಲ್ ವಿಂಗ್’ ಶುರುವಾಗುವುದನ್ನು ಕೇಳಿ. ಹೆಬ್ಬೆರಳು ಕತ್ತಿನ ಮೇಲಿಂದ ಬಂದು ದಪ್ಪ ತಂತಿಯಲ್ಲಿ ಬೇಸ್ ಸ್ವರ ಹಿಡಿಯುತ್ತದೆ. ಉಳಿದ ಬೆರಳುಗಳಿಗೆ ಬಿಡುವು ಸಿಗುತ್ತದೆ, ಅವು ಕಾರ್ಡ್ ಒಳಗೇ ಚಿಕ್ಕ ಚಿಕ್ಕ ರಾಗ ಹಾಡುತ್ತವೆ. ರಿದಂ ಯಾವುದು, ಸೋಲೋ ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ಈ ದಾರಿಯನ್ನು ಅವರು ಕರ್ಟಿಸ್ ಮೇಫೀಲ್ಡ್ ಅವರಂಥ, ‘ಸೋಲ್’ ಎನ್ನುವ ಸಂಗೀತ ಶೈಲಿಯ ಗಿಟಾರಿಸ್ಟರಿಂದ ಕಲಿತರು. ಹೆಸರು ಬರುವ ಮುಂಚೆ ಬೇರೆಯವರ ಬ್ಯಾಂಡ್‌ಗಳಲ್ಲಿ ಹಿಂದೆ ನಿಂತು ರಿದಂ ನುಡಿಸಿದ ವರ್ಷಗಳಿವೆ. 27 ವರ್ಷಕ್ಕೆ, 1970ರ ಸೆಪ್ಟೆಂಬರಿನಲ್ಲಿ ಹೊರಟುಹೋದರು. ಅಷ್ಟರಲ್ಲಿ ಇಷ್ಟು.

ಈಗ ನಿಮ್ಮ ಪರವಾಗಿ ಒಂದು ಮಾತು. ವ್ಯಾನ್ ಹೇಲನ್ ಎಂದರೆ ಎರಡೂ ಕೈ ಫ್ರೆಟ್ ಮೇಲೆ ಕುಣಿಯುವ ಟ್ಯಾಪಿಂಗ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಟ್ಯಾಪಿಂಗ್ ಅವರ ಮುಂಚೆಯೂ ಇತ್ತು. ಜೆನೆಸಿಸ್ ಬ್ಯಾಂಡಿನ ಸ್ಟೀವ್ ಹ್ಯಾಕೆಟ್ 1970ರ ದಶಕದ ಆರಂಭದಲ್ಲೇ ಮಾಡಿದ್ದರು. ವ್ಯಾನ್ ಹೇಲನ್ ಅವರನ್ನು ನಾನು ಮೆಚ್ಚುವುದು ಟ್ಯಾಪಿಂಗ್ ಇಲ್ಲದ ಕಡೆ. ಅವರ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸಿದವರು ಅವರದೇ ಅಣ್ಣ ಅಲೆಕ್ಸ್. ಚಿಕ್ಕವರಿದ್ದಾಗ ಎಡ್ಡಿ ಡ್ರಮ್ಸ್, ಅಲೆಕ್ಸ್ ಗಿಟಾರ್. ಆಮೇಲೆ ಅದಲುಬದಲು ಮಾಡಿಕೊಂಡರು. ಎಡ್ಡಿಯ ಬಲಗೈ ಡ್ರಮ್ಸ್ ಮರೆಯಲೇ ಇಲ್ಲ. ಹಾಡುಗಾರ ಹಾಡುತ್ತಿರುವಾಗ ಹಿಂದೆ ಆ ಕೈ ಏನು ಮಾಡುತ್ತಿದೆ ಅಂತ ಒಮ್ಮೆ ಕಿವಿಗೊಡಿ. ನೇರ ಏಟಿನ ಹಾಡನ್ನೂ ಅದು ತೂಗಿಸುತ್ತದೆ.

ಬ್ಲೂಸ್ ಗಾಯಕ, ಗಿಟಾರಿಸ್ಟ್ ಬಿ.ಬಿ. ಕಿಂಗ್ ಅವರನ್ನೂ ಈ ಜಗಳಕ್ಕೆ ಕರೆಯಿರಿ. ತಮಗೆ ಕಾರ್ಡ್ ನುಡಿಸಲು ಬರುವುದಿಲ್ಲ ಅಂತ ಅವರೇ ಹೇಳಿಕೊಂಡಿದ್ದರು. ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಒಂದು ಸಾಲು ಗಂಟಲು, ಒಂದು ಸಾಲು ಗಿಟಾರ್. ತಂತಿ ಎಳೆದು ಸ್ವರ ಏರಿಸಿ, ತುದಿಯಲ್ಲಿ ಬೆರಳು ನಡುಗಿಸಿದರೆ ಸಾಕು, ಇದು ಅವರೇ ಅಂತ ಗೊತ್ತಾಗುತ್ತದೆ. ರಿದಂ ನುಡಿಸದವರ ಹತ್ತಿರವೂ ರಿದಂ ಎಷ್ಟಿದೆ ನೋಡಿ. ಯಾವಾಗ ಸುಮ್ಮನಿರಬೇಕು ಅಂತ ಗೊತ್ತಿರುವುದೂ ಲಯವೇ.

ಒಂದು ಕೆಲಸ ಮಾಡಿ. ಈ ವಾರ ನೀವು ಹೆಂಡ್ರಿಕ್ಸ್ ಮಾತ್ರ ಕೇಳಿ, ಅಣ್ಣ ವ್ಯಾನ್ ಹೇಲನ್ ಮಾತ್ರ ಕೇಳಲಿ. ಸೋಲೋ ಬಂದಾಗ ಮುಂದೆ ಓಡಿಸಿ, ಉಳಿದದ್ದನ್ನು ಕಾಲಲ್ಲಿ ತಾಳ ಹಾಕುತ್ತ ಕೇಳಿ. ಜಗಳ ನಿಲ್ಲಿಸಬೇಡಿ. ಇಬ್ಬರೂ ಇನ್ನೊಬ್ಬರ ಗಿಟಾರಿಸ್ಟನ್ನು ಚೆನ್ನಾಗಿ ಬಲ್ಲವರಾದ ಮೇಲೆ ಆಡುವ ಜಗಳ ಬಹಳ ಸೊಗಸಾಗಿರುತ್ತದೆ.

ಪ್ರಶ್ನೆ: ಮೇಡಂ, ನಾನು ಎಂಟನೇ ತರಗತಿ. ನನ್ನ ಬೆರಳು ಚಿಕ್ಕದು. ‘ಎಲೆಕ್ಟ್ರಿಕ್ ಗಿಟಾರ್ ಹುಡುಗರಿಗೆ, ನಿನ್ನ ಕೈಗೆ ಆಗಲ್ಲ’ ಅಂತ ಒಬ್ಬರು ಹೇಳಿದರು. ನಿಜಾನಾ?

ಉತ್ತರ: ಸುಳ್ಳು, ಮಗಳೇ. ಎರಡು ಮಾತೂ ಸುಳ್ಳು.

ಈಗ ತಾನೇ ಥಾರ್ಪ್ ಹೆಸರು ಹೇಳಿದೆ. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೈಲು ನಿಂತುಹೋಗಿದ್ದ ಒಂದು ಸ್ಟೇಷನ್ನಿನಲ್ಲಿ ಟೀವಿಗಾಗಿ ಅವರ ಕಾರ್ಯಕ್ರಮ ಇತ್ತು. ಜನ ಒಂದು ಪ್ಲಾಟ್‌ಫಾರಂನಲ್ಲಿ, ಅವರು ಎದುರಿನ ಪ್ಲಾಟ್‌ಫಾರಂನಲ್ಲಿ. ಒದ್ದೆ ದಿನ. ದಪ್ಪ ಕೋಟು ಹಾಕಿಕೊಂಡು, ಬಿಳಿ ಎಲೆಕ್ಟ್ರಿಕ್ ಗಿಟಾರ್ ನೇತುಹಾಕಿಕೊಂಡು, ಮಳೆಯ ಹಾಡನ್ನೇ ಎತ್ತಿಕೊಂಡರು. ಆ ಚಿತ್ರ ಈಗಲೂ ನೋಡಲು ಸಿಗುತ್ತದೆ. ರಾಕ್ ಎನ್ ರೋಲ್ ಎನ್ನುವ ಹೆಸರು ಜನಪ್ರಿಯವಾಗುವ ಮುಂಚೆಯೇ ಆ ಥರ ಗಿಟಾರ್ ನುಡಿಸಿದವರು ಅವರು. ಹುಡುಗರದ್ದು ಅಂತ ಹೇಳಿದವರಿಗೆ ಅದನ್ನು ತೋರಿಸು.

ಇನ್ನು ಕೈ. ಜಾಂಗೊ ರೈನ್‌ಹಾರ್ಟ್ ಅವರ ಎಡಗೈಯ ಎರಡು ಬೆರಳು 1928ರ ಬೆಂಕಿಯಲ್ಲಿ ಸುಟ್ಟು ಸೊಟ್ಟಗಾದವು. ಉಳಿದ ಎರಡು ಬೆರಳಲ್ಲೇ ಸೋಲೋ ನುಡಿಸಿ ಯುರೋಪಿನ ಜಾಝ್‌ನಲ್ಲಿ ದೊಡ್ಡ ಹೆಸರಾದರು. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿ ಕಳೆದುಕೊಂಡರು, ಅದೂ ತಂತಿ ಒತ್ತುವ ಕೈಯದ್ದು. ಆಗ ಅವರಿಗೆ ಧೈರ್ಯ ಕೊಟ್ಟದ್ದು ಜಾಂಗೊ ಅವರ ರೆಕಾರ್ಡ್. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿ, ತೆಳು ತಂತಿ ಹಾಕಿ ನುಡಿಸಿದರು. ಮುಂದೆ ತಂತಿಯನ್ನು ಇನ್ನೂ ಸಡಿಲ ಮಾಡಿ, ಶ್ರುತಿ ಕೆಳಗಿಳಿಸಿದರು. ಹೆವಿ ಮೆಟಲ್‌ನ ಆ ಭಾರದ ದನಿಯಲ್ಲಿ ಇದರ ಪಾಲೂ ಇದೆ.

ನಿನ್ನ ಬೆರಳು ಹತ್ತೂ ಇವೆಯಲ್ಲ. ಚಿಕ್ಕ ಅಳತೆಯ ಗಿಟಾರ್ ಕೇಳು. ಲೆಸ್ ಪಾಲ್ ಎನ್ನುವ ಮಾದರಿಯಲ್ಲಿ ಮೀಟುವ ತಂತಿಯ ಉದ್ದ 24.75 ಇಂಚು, ಇನ್ನೂ ಚಿಕ್ಕದು 24 ಇಂಚಿನದೂ ಇವೆ. ಕತ್ತನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿ. ಹೆಬ್ಬೆರಳು ಕತ್ತಿನ ಹಿಂದೆ, ನಡುವಲ್ಲಿ ಇರಲಿ. ಬೆರಳು ಇನ್ನೂ ಅರ್ಧ ಇಂಚು ಉದ್ದವಾದ ಹಾಗೆ ಅನಿಸುತ್ತದೆ, ಮಾಡಿ ನೋಡು.

ಪ್ರಶ್ನೆ: ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಅಂಕಿಯಲ್ಲಿ ಬರೆದದ್ದು) ನೋಡಿ ನುಡಿಸುವುದು ಮೋಸವಾ?

ಉತ್ತರ: ಅಲ್ಲ. ಆದರೆ ಟ್ಯಾಬ್ ಬೆರಳು ಎಲ್ಲಿ ಅಂತ ಹೇಳುತ್ತದೆ, ಎಷ್ಟು ಹೊತ್ತು ಅಂತ ಬಹಳ ಸಲ ಹೇಳುವುದಿಲ್ಲ. ಮೊದಲು ಆ ಸಾಲನ್ನು ಬಾಯಲ್ಲಿ ಹಾಡಿ. ಹಾಡಲು ಬಂದ ಮೇಲೆ ಟ್ಯಾಬ್ ತೆರೆಯಿರಿ.

ಪ್ರಶ್ನೆ: ನನ್ನ ಗಿಟಾರ್ ಆಂಪಿಗೆ ಹಾಕಿದ ಕೂಡಲೇ ಗುಂಯ್ ಅನ್ನುತ್ತದೆ. ತಂತಿ ಮುಟ್ಟಿದರೆ ಸದ್ದು ಕಡಿಮೆಯಾಗುತ್ತದೆ. ಕೆಟ್ಟಿದೆಯಾ?

ಉತ್ತರ: ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲಿನಂಥ ತಾಮ್ರದ ತಂತಿ. ಅದರ ಮೇಲೆ ಉಕ್ಕಿನ ತಂತಿ ಅಲುಗಾಡಿದರೆ ಸುರುಳಿಯಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮವೇ ಇದು. ಆದರೆ ಆ ಸುರುಳಿಗೆ ನಿಮ್ಮ ತಂತಿ ಯಾವುದು, ಕೋಣೆಯ ವೈರಿಂಗ್ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಹಿಡಿಯುತ್ತದೆ. ನಿಮ್ಮ ಮೈಯೂ ಆ ಗದ್ದಲವನ್ನು ಹಿಡಿದು ಗಿಟಾರಿಗೆ ತಲುಪಿಸುತ್ತದೆ. ಗಿಟಾರ್ ತಂತಿ ಅರ್ಥಿಂಗ್‌ಗೆ ಸೇರಿರುವುದರಿಂದ ಮುಟ್ಟಿದ ಕೂಡಲೇ ಅದು ಇಳಿಯುತ್ತದೆ.

ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಇದಕ್ಕೆ ಒಂದು ಚಂದದ ಉಪಾಯ ಮಾಡಿದರು. ಎರಡು ಸುರುಳಿ ಜೋಡಿಸಿ, ಗದ್ದಲ ಮಾತ್ರ ಒಂದಕ್ಕೊಂದು ಹೊಡೆದುಹೋಗುವಂತೆ ಮಾಡಿದರು. ಅದೇ ಹಂಬಕರ್. ನಿಮ್ಮದು ಒಂದೇ ಸುರುಳಿಯ ಪಿಕಪ್ ಇರಬೇಕು. ದನಿ ತಿಳಿಯಾಗಿರುತ್ತದೆ, ಜೊತೆಗೆ ಸ್ವಲ್ಪ ಗುಂಯ್ ಕೂಡ. ಆಂಪಿನಿಂದ ದೂರ ಕೂತು, ನಿಮ್ಮ ದಿಕ್ಕು ಬದಲಿಸಿ ನೋಡಿ.

ಒಂದು ಎಚ್ಚರಿಕೆ. ತಂತಿ ಮುಟ್ಟಿದಾಗ ಕೈ ಜುಮ್ ಅಂದರೆ ಅದು ಬೇರೆ ವಿಷಯ. ತಕ್ಷಣ ಆಂಪಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಅರ್ಥಿಂಗ್ ಮತ್ತು ಆಂಪ್ ಎರಡನ್ನೂ ತಿಳಿದವರಿಂದ ನೋಡಿಸಿ. ಅಲ್ಲಿಯವರೆಗೆ ಗಿಟಾರ್ ಮುಟ್ಟಬೇಡಿ.

ಪ್ರಶ್ನೆ: ನನಗೆ ಬರುವುದು ಮೂರೇ ಕಾರ್ಡ್. ಇ, ಡಿ, ಎ. ಇಷ್ಟರಲ್ಲಿ ನಿಜವಾದದ್ದು ಏನಾದರೂ ನುಡಿಸಬಹುದಾ?

ಉತ್ತರ: ನೀವು ಸರಿಯಾದ ಮೂರನ್ನೇ ಕಲಿತಿದ್ದೀರಿ. ಎಸಿ/ಡಿಸಿ ಬ್ಯಾಂಡಿನ ‘ಬ್ಯಾಕ್ ಇನ್ ಬ್ಲ್ಯಾಕ್’, 1980. ಅದರ ಮುಖ್ಯ ತುಣುಕು ನಿಂತಿರುವುದೇ ಇ, ಡಿ, ಎ ಮೇಲೆ. ಅದರ ಬೆನ್ನೆಲುಬು ಬ್ಯಾಂಡಿನ ರಿದಂ ಗಿಟಾರಿಸ್ಟ್ ಮಾಲ್ಕಮ್ ಯಂಗ್, 2017ರಲ್ಲಿ ತೀರಿಕೊಂಡರು. ಜನ ನೋಡುತ್ತಿದ್ದದ್ದು ಮುಂದೆ ಕುಣಿಯುವ ತಮ್ಮ ಆಂಗಸ್ ಅವರನ್ನು. ಮಾಲ್ಕಮ್ ಹಿಂದೆ ಆಂಪ್ ಪಕ್ಕ ನಿಂತಿರುತ್ತಿದ್ದರು. ಅವರ ಗಿಟಾರಿನಲ್ಲಿ ಪಿಕಪ್ ಒಂದೇ, ಉಳಿದದ್ದು ಕಿತ್ತುಹಾಕಿದ್ದರು. ತಂತಿ ದಪ್ಪ. ಡಿಸ್ಟಾರ್ಷನ್ ನೀವು ಅಂದುಕೊಂಡಷ್ಟು ಇಲ್ಲ. ನನ್ನ ಪಟ್ಟಿ ಅಂತ ಒಂದಿದ್ದರೆ ಅವರು ಮೊದಲ ಐದರಲ್ಲಿದ್ದಾರೆ.

ಆ ಹಾಡಿನಲ್ಲಿ ಕಾರ್ಡ್ ಹೊಡೆಯುವುದು ಸುಲಭ, ನಿಲ್ಲಿಸುವುದು ಕಷ್ಟ. ಇ ಒಂದು ಏಟು, ಆಮೇಲೆ ಮೌನ. ಡಿ, ಮತ್ತೆ ಮೌನ. ಆಮೇಲೆ ಎ. ಆ ಮೌನದಲ್ಲಿ ಡ್ರಮ್ಸ್ ಮಾತ್ರ ನಡೆಯುತ್ತಿರುತ್ತದೆ. ಮೆಟ್ರೊನೋಮ್ 60ಕ್ಕೆ ಇಡಿ. ಆಂಪಿನಲ್ಲಿ ಡಿಸ್ಟಾರ್ಷನ್ ಪೂರ್ತಿ ತೆಗೆಯಿರಿ. ಪ್ರತಿ ಕಾರ್ಡ್ ಆದ ಮೇಲೆ ಎರಡೂ ಕೈ ತಂತಿಗಳ ಮೇಲೆ ಮಲಗಲಿ, ಆರೂ ತಂತಿ ಒಟ್ಟಿಗೆ ನಿಲ್ಲಲಿ. ಮೊದಲ ವಾರ ಆ ನಿಲುಗಡೆಯನ್ನು ಮಾತ್ರ ನುಡಿಸಿ.